ಕಾರ್ಮಿಕ ನಾಯಕನ ಕಥನ ಮತ್ತು ಮಂತ್ರಿಯ ಕಡತ: ಜಾರ್ಜ್ ಫರ್ನಾಂಡಿಸ್ ಅವರ ಉದ್ಯಮ-ಕಾರ್ಮಿಕ ನಿಲುವುಗಳ ಒಂದು ಪರಿಶೀಲನೆ

ಹರಿಹರ ತಾಲೂಕಿನ ನಂದಿಗುಡಿಯ ಕಟ್ಟೆಯ ಮೇಲೆ ಕಥೆ ಕೇಳಲು ಕುಳಿತ ಜಾನಪದ ಸಂಗ್ರಾಹಕನಿಗೆ ಹಾಲುಮತದ ಕಾವ್ಯವೋ ಸೋಬಾನೆಯೋ ಸಿಗಬೇಕೆಂಬ ನಿರೀಕ್ಷೆ ಸಹಜ. ನನಗೆ ಅಲ್ಲಿ ಒಮ್ಮೆ ಸಿಕ್ಕಿದ್ದು ಜಾರ್ಜ್ ಫರ್ನಾಂಡಿಸರ ಕಥೆ. ಹೇಳಿದವರು ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದ ಹಿರಿಯರು. ರೈಲು ನಿಲ್ಲಿಸಿದವನು, ಜೈಲಿನಿಂದ ಗೆದ್ದವನು, ಕೋಕಾ-ಕೋಲಾ ಓಡಿಸಿದವನು ಎಂಬ ಮೂರು ಘಟ್ಟಗಳಲ್ಲಿ ಅವರ ನಿರೂಪಣೆ ಮುಗಿಯಿತು. ಪಕ್ಕದಲ್ಲಿದ್ದ ಕಿರಿಯರೊಬ್ಬರು, ‘ಸರಕಾರದ ಕಂಪನಿಗಳನ್ನು ಮಾರಿದಾಗ ಮಂತ್ರಿಯಾಗಿದ್ದವರೂ ಅವರೇ ಅಲ್ಲವೇ’ ಎಂದು ಕೇಳಿದರು. ಹಿರಿಯರು ಉತ್ತರಿಸಲಿಲ್ಲ. ಈ ಲೇಖನವು ಆ ಪ್ರಶ್ನೆಯ ಬೆನ್ನು ಹತ್ತಿದ್ದರ ಫಲ.

ದಾವಣಗೆರೆ-ಹರಿಹರ ಪ್ರದೇಶದಲ್ಲಿ ಇಂಥ ಕಥನ ಉಳಿದಿರುವುದು ಆಕಸ್ಮಿಕವೇನಲ್ಲ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಹರಿಹರವನ್ನು ಯಂತ್ರೋಪಕರಣಗಳ ಊರನ್ನಾಗಿ ಮಾಡಿತು. ಕಾರ್ಮಿಕ ಸಂಘಟನೆಯಿಂದಲೇ ಬೆಳೆದ ಕಮ್ಯುನಿಸ್ಟ್ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ನಗರವಿದು. ಗಿರಣಿಗಳಲ್ಲಿ ಹೆಚ್ಚಿನವು ಇಂದು ಇಲ್ಲ. ಹರಿಹರದ ಆ ಕಾರ್ಖಾನೆಯೂ ಮುಚ್ಚಿದೆ. ಹೀಗಾಗಿ ಉದ್ಯಮ, ವ್ಯಾಪಾರ, ಸಂಘ ಎಂಬ ಪದಗಳು ಇಲ್ಲಿ ಅರ್ಥಶಾಸ್ತ್ರದ ಪಾರಿಭಾಷಿಕಗಳಾಗಿ ಉಳಿದಿಲ್ಲ, ಮನೆಮನೆಯ ನೆನಪುಗಳಾಗಿವೆ.

ಮೊದಲು ಚರಿತ್ರೆಯ ವಿವರಗಳನ್ನು ನೋಡೋಣ. 1930ರ ಜೂನ್ 3ರಂದು ಮಂಗಳೂರಿನಲ್ಲಿ ಜನಿಸಿದ ಫರ್ನಾಂಡಿಸ್ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಅರ್ಧಕ್ಕೆ ಬಿಟ್ಟರು. ಮಂಗಳೂರಿನಲ್ಲಿ ಹೋಟೆಲು ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿದರು. 1949ರಲ್ಲಿ ‘ಕೊಂಕಣಿ ಯುವಕ್’ ಎಂಬ ಕೊಂಕಣಿ ಮಾಸಿಕವನ್ನೂ ‘ರೈತವಾಣಿ’ ಎಂಬ ಕನ್ನಡ ವಾರಪತ್ರಿಕೆಯನ್ನೂ ಸಂಪಾದಿಸಿದರು. ಮುಂಬಯಿಗೆ ಹೋಗಿ ಚೌಪಾಟಿಯ ಬೆಂಚುಗಳ ಮೇಲೆ ಮಲಗಿ, ಬಂದರು ಕಾರ್ಮಿಕರ ನಾಯಕ ಪಿ. ಡಿಮೆಲ್ಲೋ ಅವರ ಗರಡಿಯಲ್ಲಿ ಪಳಗಿ, ನಗರಪಾಲಿಕೆ ನೌಕರರ, ಟ್ಯಾಕ್ಸಿ ಚಾಲಕರ ನಾಯಕರಾದರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎಸ್.ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ ಮೇಲೆ ಪತ್ರಿಕೆಗಳು ಅವರನ್ನು ದೈತ್ಯಸಂಹಾರಿ ಎಂದು ಕರೆದವು.

ಮನೆ ತೊರೆಯುವುದು, ಬೀದಿಯಲ್ಲಿ ಮಲಗುವುದು, ಗುರುವಿನ ಆಶ್ರಯ, ದೈತ್ಯಸಂಹಾರ, ಸೆರೆಮನೆ, ಮರಳಿ ಅಧಿಕಾರ ಎಂಬ ಈ ಕ್ರಮವು ನಮ್ಮ ಜನಪದ ವೀರಕಥನಗಳ ಆಶಯಗಳಿಗೆ ಎಷ್ಟು ಹತ್ತಿರವಾಗಿದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರ ಬದುಕೇ ಕಥೆಯ ಅಚ್ಚಿಗೆ ಹೊಂದಿಕೊಳ್ಳುವಂತಿತ್ತು. ಅಚ್ಚಿಗೆ ಹೊಂದದ ಭಾಗಗಳನ್ನು ಮೌಖಿಕ ಪರಂಪರೆ ಕೈಬಿಟ್ಟಿತು.

1974ರ ರೈಲ್ವೆ ಮುಷ್ಕರ ಈ ಕಥನದ ಮೊದಲ ಶಿಖರ. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದ ಫರ್ನಾಂಡಿಸರನ್ನು ಮೇ 2ರಂದೇ ಬಂಧಿಸಲಾಯಿತು. ಆದರೂ ಮೇ 8ರಿಂದ 27ರವರೆಗೆ ಸುಮಾರು 17 ಲಕ್ಷ ನೌಕರರು ಮುಷ್ಕರದಲ್ಲಿ ಭಾಗವಹಿಸಿದರು. ಇಂಜಿನ್ ಸಿಬ್ಬಂದಿಗೆ ಎಂಟು ಗಂಟೆಯ ದುಡಿಮೆ, ಬೋನಸ್, ವೇತನ ಸಮಾನತೆ ಮುಖ್ಯ ಬೇಡಿಕೆಗಳು. ಸಾವಿರಾರು ಜನ ಸೆರೆಯಾದರು, ಕೆಲಸ ಕಳೆದುಕೊಂಡರು. ಮುಷ್ಕರ ಮುರಿದುಬಿತ್ತು. ಜನರ ನೆನಪಿನಲ್ಲಿ ಮಾತ್ರ ಅದು ಸೋಲಾಗಿ ಉಳಿದಿಲ್ಲ; 1977ರಲ್ಲಿ ಜನತಾ ಸರಕಾರ ಬಂದು ವಜಾಗೊಂಡವರನ್ನು ಮರಳಿ ತೆಗೆದುಕೊಂಡದ್ದು ಇದಕ್ಕೆ ಒಂದು ಕಾರಣವಿರಬಹುದು. ತುರ್ತು ಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಸೆರೆಯಲ್ಲಿದ್ದುಕೊಂಡೇ ಅವರು ಬಿಹಾರದ ಮುಜಫ್ಫರಪುರದಿಂದ ಗೆದ್ದರು. ಬೇಡಿ ತೊಟ್ಟ ಕೈ ಎತ್ತಿದ ಅವರ ಛಾಯಾಚಿತ್ರವನ್ನು ಕಂಡವರು ಮರೆಯುವುದು ಕಷ್ಟ.

ಕೋಕಾ-ಕೋಲಾ ಪ್ರಸಂಗದಲ್ಲಿ ಕಥನ ಮತ್ತು ಕಡತಗಳ ಅಂತರ ಸ್ಪಷ್ಟವಾಗಿ ಕಾಣುತ್ತದೆ. ವಿದೇಶಿ ಕಂಪನಿಗಳು ತಮ್ಮ ಷೇರು ಪಾಲನ್ನು ಸಾಮಾನ್ಯವಾಗಿ ಶೇ. 40ಕ್ಕೆ ಇಳಿಸಬೇಕೆಂಬ ನಿಬಂಧನೆಯಿದ್ದ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯನ್ನು 1973ರಲ್ಲಿ ತಂದದ್ದು ಇಂದಿರಾ ಗಾಂಧಿಯವರ ಸರಕಾರ. ಕೈಗಾರಿಕಾ ಮಂತ್ರಿಯಾಗಿ ಫರ್ನಾಂಡಿಸ್ ಅದನ್ನು ಪಟ್ಟುಹಿಡಿದು ಜಾರಿಗೆ ತಂದರು. ಪಾನೀಯದ ಗುಟ್ಟು ಬಿಟ್ಟುಕೊಡಲೊಪ್ಪದ ಕಂಪನಿ 1977ರಲ್ಲಿ ಹೊರನಡೆಯಿತು, 1978ರಲ್ಲಿ ಐ.ಬಿ.ಎಂ. ಹೋಯಿತು. ಜನರ ಕಥೆಯಲ್ಲಿ ಕಾಯಿದೆಯ ಪ್ರಸ್ತಾಪವೇ ಇಲ್ಲ. ಶಾಸನವನ್ನು ಮರೆತು ವ್ಯಕ್ತಿಯನ್ನು ನೆನಪಿಡುವುದು ಮೌಖಿಕ ಚರಿತ್ರೆಯ ಗುಣ. ಕೋಕಾ-ಕೋಲಾ ಬಿಟ್ಟುಹೋದ ಜಾಗಕ್ಕೆ ಸರಕಾರವೇ ‘77’ ಎಂಬ ಪಾನೀಯವನ್ನು ತಂದಿತು. ಅದರ ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ. ತಯಾರಿಸಿದ್ದು ಸರಕಾರಿ ಸ್ವಾಮ್ಯದ ಮಾಡರ್ನ್ ಫುಡ್ಸ್. ಆದರೆ ಮಾರುಕಟ್ಟೆಯಲ್ಲಿ ಗೆದ್ದದ್ದು ಪಾರ್ಲೆಯ ಥಮ್ಸ್ ಅಪ್. 1993ರಲ್ಲಿ ಕೋಕಾ-ಕೋಲಾ ಮರಳಿ ಬಂದು ಆ ಥಮ್ಸ್ ಅಪ್ಪನ್ನೇ ಕೊಂಡಿತು.

ಇಷ್ಟರಿಂದ ಅವರು ಉದ್ಯಮದ ವಿರೋಧಿ ಎಂದು ತೀರ್ಮಾನಿಸುವುದು ಅವಸರವಾದೀತು. 1977ರ ಡಿಸೆಂಬರಿನ ಕೈಗಾರಿಕಾ ನೀತಿಯು ಸಣ್ಣ ಕೈಗಾರಿಕೆಗೆ ಮೀಸಲಾದ ವಸ್ತುಗಳನ್ನು 180ರಿಂದ 504ಕ್ಕೆ ಏರಿಸಿತು. ಜಿಲ್ಲಾ ಕೈಗಾರಿಕಾ ಕೇಂದ್ರಗಳ ಕಲ್ಪನೆಯೂ ಆ ನೀತಿಯದೇ. ಸಣ್ಣ ಯಂತ್ರ, ವಿಕೇಂದ್ರಿತ ಉತ್ಪಾದನೆ ಎಂಬ ಲೋಹಿಯಾ ವಿಚಾರದ ನೆರಳು ಇಲ್ಲಿ ಸ್ಪಷ್ಟ. ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರ ಮೂಲಕ ಆ ವಿಚಾರ ಮಲೆನಾಡಿಗೆ ಹೊಸದಲ್ಲ. ಇದೇ ಅವಧಿಯಲ್ಲಿ ಅವರು ಟಾಟಾ ಉಕ್ಕಿನ ಕಾರ್ಖಾನೆಯನ್ನು ರಾಷ್ಟ್ರೀಕರಿಸುವ ಮಾತೆತ್ತಿದಾಗ ವಿರೋಧಿಸಿದವರಲ್ಲಿ ಅಲ್ಲಿನ ಕಾರ್ಮಿಕ ಸಂಘವೂ ಇತ್ತು. ಕಾರ್ಮಿಕ ನಾಯಕನೊಬ್ಬ ಕಾರ್ಮಿಕರ ಹೆಸರಿನಲ್ಲಿ ಕೈಗೊಳ್ಳಬಯಸಿದ ಕ್ರಮವನ್ನು ಕಾರ್ಮಿಕರೇ ಬೇಡವೆಂದದ್ದು ಅಧ್ಯಯನಕಾರರು ಇನ್ನೂ ಹೆಚ್ಚು ಗಮನ ಕೊಡಬೇಕಾದ ಸಂಗತಿ.

1989-90ರಲ್ಲಿ ರೈಲ್ವೆ ಮಂತ್ರಿಯಾದಾಗ ಕೊಂಕಣ ರೈಲ್ವೆಗೆ ಚಾಲನೆ ಸಿಕ್ಕಿತು. ಅದನ್ನು ಕಟ್ಟಿದ್ದು ಇಲಾಖೆಯಲ್ಲ, 1990ರಲ್ಲಿ ರಚಿತವಾದ ನಿಗಮ. ಕೇಂದ್ರದೊಂದಿಗೆ ನಾಲ್ಕು ರಾಜ್ಯಗಳು ಪಾಲು ಹಾಕಿದವು. ಕರ್ನಾಟಕದ ಪಾಲು ಶೇ. 15. ಉಳಿದ ಹಣಕ್ಕೆ ಬಾಂಡುಗಳ ಮೂಲಕ ಮಾರುಕಟ್ಟೆಯಿಂದ ಸಾಲ. ಇಲಾಖೆಯನ್ನೇ ಸ್ತಬ್ಧಗೊಳಿಸಿದ್ದ ನಾಯಕ ಇಲಾಖೆಯ ಹೊರಗೆ ಕಂಪನಿಯ ರೂಪದಲ್ಲಿ ರೈಲುಮಾರ್ಗ ಹಾಕಿಸಿದ್ದನ್ನು ಕರಾವಳಿಯ ಜನ ವೈರುಧ್ಯವೆಂದು ಕಾಣಲಿಲ್ಲ. ಅವರಿಗೆ ರೈಲು ಬಂದಿತ್ತು.

ನಂತರದ ದಶಕ ಹೆಚ್ಚು ತೊಡಕಿನದು. ಉದಾರೀಕರಣವನ್ನೂ ಡಂಕೆಲ್ ಪ್ರಸ್ತಾವವನ್ನೂ ಅವರು ಬಲವಾಗಿ ವಿರೋಧಿಸಿದರು. ಗುಜರಾತಿನ ಕಾಂಡ್ಲಾದಲ್ಲಿ ಕಾರ್ಗಿಲ್ ಕಂಪನಿಯ ಉಪ್ಪಿನ ಯೋಜನೆಯ ವಿರುದ್ಧ ಸತ್ಯಾಗ್ರಹ ನಡೆಸಿದರು. 1993ರಲ್ಲಿ ಕಂಪನಿ ಹಿಂದೆ ಸರಿಯಿತು. 1994ರಲ್ಲಿ ಸಮತಾ ಪಕ್ಷ ಕಟ್ಟಿ, 1996ರಲ್ಲಿ ಭಾರತೀಯ ಜನತಾ ಪಕ್ಷದೊಂದಿಗೆ ಕೈಜೋಡಿಸಿ, 1998ರಿಂದ 2004ರವರೆಗೆ, 2001ರ ಕೆಲವು ತಿಂಗಳು ಬಿಟ್ಟರೆ, ರಕ್ಷಣಾ ಮಂತ್ರಿಯಾಗಿದ್ದರು. ಆ ಸರಕಾರ 2000ದ ಜನವರಿಯಲ್ಲಿ ಮಾಡರ್ನ್ ಫುಡ್ಸ್‌ನ ಶೇ. 74ರಷ್ಟು ಷೇರನ್ನು ಹಿಂದೂಸ್ತಾನ್ ಲಿವರ್‌ಗೆ ಮಾರಿತು. ‘77’ ತಯಾರಿಸಿದ ಅದೇ ಮಾಡರ್ನ್ ಫುಡ್ಸ್. ಅದೇ ವರ್ಷದ ಜವಳಿ ನೀತಿಯು ಸಿದ್ಧ ಉಡುಪನ್ನು ಸಣ್ಣ ಕೈಗಾರಿಕೆಯ ಮೀಸಲಿನಿಂದ ಬಿಡಿಸಿತು. ಬಟ್ಟೆಯ ಊರಾದ ದಾವಣಗೆರೆಯಲ್ಲಿ ನಿಂತು ನೋಡುವವರಿಗೆ ಇದು ದೂರದ ಸುದ್ದಿಯಲ್ಲ.

ಹಾಗೆಂದು ಸಂಪುಟದಲ್ಲಿ ಅವರು ಬಾಯಿಮುಚ್ಚಿ ಕುಳಿತಿದ್ದರು ಎನ್ನುವಂತಿಲ್ಲ. 2002ರಲ್ಲಿ ಎಚ್.ಪಿ.ಸಿ.ಎಲ್., ಬಿ.ಪಿ.ಸಿ.ಎಲ್. ತೈಲ ಕಂಪನಿಗಳ ಮಾರಾಟವನ್ನು ಪ್ರಶ್ನಿಸಿದವರಲ್ಲಿ ಅವರು ಪ್ರಮುಖರು. ಸಾರ್ವಜನಿಕ ಸ್ವತ್ತು ಖಾಸಗಿ ಏಕಸ್ವಾಮ್ಯಕ್ಕೆ ಹೋಗುತ್ತದೆ ಎಂಬುದು ಅವರ ಆಕ್ಷೇಪ. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಸಂಸತ್ತಿನ ಒಪ್ಪಿಗೆಯಿಲ್ಲದೆ ಆ ಮಾರಾಟ ಸಲ್ಲದೆಂದಿತು. ಆದರೆ ಆಕ್ಷೇಪಿಸಿದವರು ರಾಜೀನಾಮೆ ಕೊಡಲಿಲ್ಲ. 1979ರ ಜುಲೈಯಲ್ಲಿ ಮೊರಾರ್ಜಿ ಸರಕಾರವನ್ನು ಲೋಕಸಭೆಯಲ್ಲಿ ಸಮರ್ಥಿಸಿ, ಕೆಲವೇ ದಿನಗಳಲ್ಲಿ ಅದನ್ನು ತೊರೆದ ವ್ಯಕ್ತಿ ಈ ಸಲ ಉಳಿದರು.

ಇದನ್ನು ವಿವರಿಸುವ ಎರಡು ಸುಲಭ ಮಾರ್ಗಗಳಿವೆ. ಒಂದು, ಅಧಿಕಾರದಾಹ ಎನ್ನುವುದು. ಇನ್ನೊಂದು, ಸಮ್ಮಿಶ್ರ ಸರಕಾರದ ಅನಿವಾರ್ಯತೆ ಎನ್ನುವುದು. ನನ್ನ ದೃಷ್ಟಿಯಲ್ಲಿ ಇವೆರಡೂ ಸಾಲವು. ಲೋಹಿಯಾರಿಂದ ಅವರು ಪಡೆದದ್ದು ಎರಡು ಎಳೆಗಳನ್ನು: ಸಣ್ಣ ಉತ್ಪಾದಕನ ಪರವಾದ ಆರ್ಥಿಕತೆ ಒಂದು, ಕಾಂಗ್ರೆಸ್ಸೇತರ ರಾಜಕಾರಣ ಇನ್ನೊಂದು. 1977ರಲ್ಲಿ ಈ ಎರಡೂ ಒಂದೇ ದಿಕ್ಕಿಗೆ ಎಳೆದವು. 1991ರ ಬಳಿಕ ಕಾಂಗ್ರೆಸ್ಸೂ ಅದರ ಮುಖ್ಯ ಎದುರಾಳಿಯೂ ಆರ್ಥಿಕ ನೀತಿಯಲ್ಲಿ ಹತ್ತಿರವಾದಾಗ ಅವು ಬೇರೆಬೇರೆ ದಿಕ್ಕಿಗೆ ಎಳೆದವು. ಫರ್ನಾಂಡಿಸ್ ಎರಡನೆಯದನ್ನು ಹಿಡಿದುಕೊಂಡರು. ಅದರ ಬೆಲೆಯನ್ನು ತೆತ್ತವರಲ್ಲಿ ಅವರ ಹಳೆಯ ಜನವೇ ಹೆಚ್ಚು ಎಂಬುದು ನನ್ನ ಅನಿಸಿಕೆ. ಇದನ್ನು ಒಪ್ಪದವರೂ ಇರಬಹುದು.

2019ರ ಜನವರಿ 29ರಂದು ಫರ್ನಾಂಡಿಸ್ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಆಮೇಲೊಮ್ಮೆ ನಂದಿಗುಡಿಗೆ ಹೋದಾಗ ಅದೇ ಹಿರಿಯರಿಂದ ಕಥೆಯನ್ನು ಮತ್ತೆ ಕೇಳಿದೆ. ರೈಲು, ಜೈಲು, ಕೋಕಾ-ಕೋಲಾ; ಕ್ರಮ ಬದಲಾಗಿರಲಿಲ್ಲ. ಕಿರಿಯರ ಪ್ರಶ್ನೆಯನ್ನು ನಾನೇ ನೆನಪಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಕಾರ್ಖಾನೆಯ ಕೊನೆಯ ಪಾಳಿಯ ದಿನ ಯಾರು ಯಾರು ಬಂದಿದ್ದರು ಎಂಬುದನ್ನು ಒಂದೊಂದೇ ಹೆಸರು ಹಿಡಿದು ಹೇಳತೊಡಗಿದರು.