ನಿಮಗಿದು ಗೊತ್ತೇ? ಡಯಾಪರ್ ಬಿಡಿಸುವ ಮುನ್ನ

ಪುಟ್ಟ ಕಂದನನ್ನು ಪಾಟಿಯ (ಮಕ್ಕಳ ಶೌಚದ ಪೀಠ) ಮೇಲೆ ಕೂರಿಸುವ ಕಾಲ ಬಂತೇ? ಶುರು ಮಾಡುವ ಮುನ್ನ ಇಷ್ಟು ತಿಳಿದಿರಲಿ.

• ಮಲಮೂತ್ರವನ್ನು ಬೇಕೆಂದಾಗ ತಡೆಯುವ, ಬೇಕೆಂದಾಗ ಬಿಡುವ ಹತೋಟಿ ಮಗುವಿಗೆ ಬರಲು ಸಾಮಾನ್ಯವಾಗಿ 18 ತಿಂಗಳಾದರೂ ತುಂಬಬೇಕು. ಹೆಚ್ಚಿನ ಮಕ್ಕಳು ಕಲಿಯುವುದು ಎರಡರಿಂದ ಮೂರು ವರ್ಷದ ನಡುವೆ.

• ವಯಸ್ಸಿಗಿಂತ ಲಕ್ಷಣ ಮುಖ್ಯ. ಎರಡು ಗಂಟೆ ಚಡ್ಡಿ ಒದ್ದೆಯಾಗದಿರುವುದು, ಒದ್ದೆಯಾದರೆ ಎಳೆದು ತೋರಿಸುವುದು, ಕಕ್ಕ ಬಂದಾಗ ಬಾಗಿಲ ಮರೆಗೆ ಹೋಗಿ ನಿಲ್ಲುವುದು: ಇವೆಲ್ಲ 'ನಾನು ಸಿದ್ಧ' ಎಂದು ಮಗು ಹೇಳುವ ರೀತಿ.

• ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೆಜಲ್ಟನ್ 1962ರಲ್ಲಿ 1,170 ಮಕ್ಕಳ ವಿವರ ಪ್ರಕಟಿಸಿದರು. ಒತ್ತಾಯವಿಲ್ಲದೆ ಕಲಿಸಿದ ಆ ಮಕ್ಕಳು ಹಗಲಿನಲ್ಲಿ ಚಡ್ಡಿ ಒದ್ದೆ ಮಾಡಿಕೊಳ್ಳುವುದನ್ನು ಬಿಟ್ಟದ್ದು ಸರಾಸರಿ 28.5 ತಿಂಗಳಿಗೆ.

• ಕೂಸನ್ನು ಎರಡು ಪಾದಗಳ ಮೇಲೆ ಕೂರಿಸಿಕೊಂಡು 'ಸ್ಸ್ಸ್' ಎನ್ನುವುದು ನಮ್ಮ ಅಜ್ಜಿಯರ ರೂಢಿ. ಪೂರ್ವ ಆಫ್ರಿಕಾದ ಡಿಗೊ ತಾಯಂದಿರೂ ಹೀಗೇ ಸದ್ದು ಮಾಡಿ ಎಳೆಗೂಸುಗಳಿಗೆ ಅಭ್ಯಾಸ ಮಾಡಿಸುತ್ತಾರೆಂದು 1977ರ ಅಧ್ಯಯನವೊಂದು ದಾಖಲಿಸಿದೆ. ಈ ರೂಢಿಯಲ್ಲಿ ಕೂಸಿನ ಸೂಚನೆಯನ್ನು ತಾಯಿ ಗಮನಿಸುತ್ತಾಳೆ. ತನಗೆ ಬಂದಿದೆಯೆಂದು ಮಗುವೇ ಹೇಳಿ, ನಡೆದು ಹೋಗಿ ಕೂರುವುದು ಮುಂದಿನ ಮೆಟ್ಟಿಲು.

• ಅಜ್ಜಿ 'ಉಚ್ಚೆ' ಎಂದು, ಅಮ್ಮ 'ಸುಸ್ಸು' ಎಂದು, ಅಂಗನವಾಡಿಯಲ್ಲಿ 'ಒಂದಕ್ಕೆ' ಎಂದು ಹೇಳಿದರೆ ಮಾತು ಕಲಿಯುತ್ತಿರುವ ಮಗುವಿಗೆ ಗೊಂದಲ. ಎಲ್ಲರೂ ಒಂದೇ ಪದ ಬಳಸಿ.

• ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ. ಹಾಗಾಗಿ ತಿಂಡಿ, ಊಟವಾದ ಸ್ವಲ್ಪ ಹೊತ್ತಿಗೆ ಕೂರಿಸಿ. ಐದು ನಿಮಿಷ ಸಾಕು; ಬರದಿದ್ದರೆ ಎಬ್ಬಿಸಿಬಿಡಿ.

• ಕುಕ್ಕರಗಾಲಿನಲ್ಲಿ ಕೂತಾಗ ಮಲ ಇಳಿಯುವ ಹಾದಿ ನೇರವಾಗುತ್ತದೆ. ಕಮೋಡಿನ ಮೇಲೆ ಕಾಲು ಜೋತಾಡಿದರೆ ಮಗುವಿಗೆ ಮುಕ್ಕಲೂ ಆಗದು, ಬೀಳುವ ಭಯ ಬೇರೆ. ಪಾದದಡಿಗೊಂದು ಮಣೆ ಇಡಿ.

• ಮಲ ಗಟ್ಟಿಯಾಗಿ ಒಮ್ಮೆ ನೋವಾದರೆ ಮಗು ಮುಂದಿನ ಸಲ ತಡೆಹಿಡಿಯುತ್ತದೆ. ತಡೆದಷ್ಟೂ ಮಲ ಇನ್ನಷ್ಟು ಗಟ್ಟಿ. ಹಾಲು ಅತಿಯಾಗದಿರಲಿ, ಸೊಪ್ಪು, ಪರಂಗಿ ಹಣ್ಣು, ನೀರು ಸಾಕಷ್ಟಿರಲಿ. ದಿನಗಟ್ಟಲೆ ತಡೆದರೆ, ರಕ್ತ ಕಂಡರೆ ವೈದ್ಯರಿಗೆ ತೋರಿಸಿ.

• ಪಾಟಿ ಹೊಸದೇನಲ್ಲ. ಕ್ರಿಸ್ತಪೂರ್ವ 6ನೇ ಶತಮಾನದ ಮಣ್ಣಿನ ಪಾಟಿಯೊಂದು ಗ್ರೀಸ್‌ನ ಅಥೆನ್ಸ್‌ನಲ್ಲಿ ಸಿಕ್ಕಿದೆ. ಮಗುವಿನ ಕಾಲು ಹೊರಬರಲು ಅದರ ಮುಂಭಾಗದಲ್ಲಿ ಕಿಂಡಿಯೂ ಇದೆ!

• 'ಎಳೆಮಗುವಿನ ಕಕ್ಕದಿಂದ ಏನೂ ಆಗಲ್ಲ' ಎಂಬ ಮಾತು ತಪ್ಪು. ಅದರಲ್ಲೂ ಭೇದಿ ಹರಡುವ ರೋಗಾಣುಗಳಿರುತ್ತವೆ. ಕಕ್ಕವನ್ನು ಶೌಚಾಲಯಕ್ಕೇ ಹಾಕಿ. ಮಗುವಿನ ಕೈಗೂ ನಿಮ್ಮ ಕೈಗೂ ಸೋಪು ಬೀಳಲಿ.

• ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಒರೆಸಿ. ಮೂತ್ರದ ಸೋಂಕು ತಡೆಯಲು ಇದು ನೆರವಾಗುತ್ತದೆ.

• ಹಗಲು ಕಲಿತ ಮಗು ರಾತ್ರಿಯೂ ಕಲಿತಿರಬೇಕೆಂದಿಲ್ಲ. ರಾತ್ರಿ ಮೂತ್ರದ ಪ್ರಮಾಣ ತಗ್ಗಿಸುವ ಹಾರ್ಮೋನಿನ ಲಯ ಹದಕ್ಕೆ ಬರಲು ಸಮಯ ಬೇಕು. ಐದು ವರ್ಷದ ಮಕ್ಕಳಲ್ಲೂ ನೂರಕ್ಕೆ ಸುಮಾರು 15 ಮಂದಿ ಹಾಸಿಗೆ ಒದ್ದೆ ಮಾಡುತ್ತಾರೆ.

• ತಮ್ಮನೋ ತಂಗಿಯೋ ಹುಟ್ಟಿದಾಗ, ಮನೆ ಬದಲಿಸಿದಾಗ ಕಲಿತ ಮಗುವೂ ಮತ್ತೆ ಚಡ್ಡಿ ಒದ್ದೆ ಮಾಡಿಕೊಳ್ಳುವುದುಂಟು. ಅದು ಹಟವಲ್ಲ, ಕೆಲವು ವಾರಗಳ ಸಮಾಧಾನ ಸಾಕು.

• ಗದರಿಸಿದರೆ ಮಗು ಬೇಗ ಕಲಿಯುವುದಿಲ್ಲ. ಬಚ್ಚಿಡುವುದನ್ನು, ತಡೆಹಿಡಿಯುವುದನ್ನು ಕಲಿಯುತ್ತದೆ. ನೆಲ ಒದ್ದೆಯಾಯಿತೇ? ಒರೆಸಿದರಾಯಿತು. 'ಪರವಾಗಿಲ್ಲ ಕಂದಾ, ಇನ್ನೊಂದ್ಸಲ ಬಂದಾಗ ಹೇಳು' ಎನ್ನಿ. ಹೇಳಿದರೆ ಬೈಯುವುದಿಲ್ಲವೆಂದು ಗೊತ್ತಿರುವ ಮಗು ನಿಮ್ಮ ಬಳಿಗೇ ಓಡಿಬರುತ್ತದೆ.