‘ಯಯಾತಿ’ ಓದೀರೇನ್ರಿ? ಹಂಗಾರ ಯಾವ ಯಯಾತಿ?

‘ಯಯಾತಿ ಓದೀರೇನ್ರಿ?’ ಅಂತ ನಿಪ್ಪಾಣಿಯಲ್ಲೋ ಕಾಗವಾಡದಲ್ಲೋ ಪುಸ್ತಕಪ್ರಿಯರನ್ನು ಕೇಳಿ ನೋಡಿ. ‘ಹೂಂ, ಓದೀನಿ’ ಅಂದ ಮಾತ್ರಕ್ಕೆ ಮಾತು ಮುಗಿಯೋದಿಲ್ಲ. ಕೊಲ್ಹಾಪುರದಲ್ಲಿ ನೆಲೆಸಿದ್ದ ವಿ.ಸ. ಖಾಂಡೇಕರರ ಮರಾಠಿ ಕಾದಂಬರಿ ‘ಯಯಾತಿ’ ಬಂದದ್ದು 1959ರಲ್ಲಿ. ಗಿರೀಶ ಕಾರ್ನಾಡರ ಕನ್ನಡ ನಾಟಕ ‘ಯಯಾತಿ’ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದದ್ದು 1961ರಲ್ಲಿ. ಎರಡರ ಬೇರೂ ಮಹಾಭಾರತವೇ. ಖಾಂಡೇಕರರ ಕಾದಂಬರಿ ಕನ್ನಡಕ್ಕೂ ಬಂದಿದೆ. ಅಂದರೆ ಒಂದೇ ಹೆಸರಿನ ಮೂರು ಪುಸ್ತಕ! ಡೈರಿಯಲ್ಲಿ ಬರೀ ‘ಯಯಾತಿ – ಓದಿದೆ’ ಅಂತಿದ್ದರೆ ಎರಡು ವರ್ಷದ ನಂತರ ನಿಮಗೇ ಗೊತ್ತಾಗಲ್ಲ.

ಓದಿದ್ದರ ಲೆಕ್ಕ ಇಡೋಕೆ ಈಗ ಆ್ಯಪ್‌ಗಳಿವೆ. 2007ರಲ್ಲಿ ಶುರುವಾದ ಗುಡ್‌ರೀಡ್ಸ್ ಇವುಗಳಲ್ಲಿ ಹೆಸರುವಾಸಿ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಪುಸ್ತಕ ಪಟ್ಟಿಗೆ ಸೇರುತ್ತದೆ, ವರ್ಷಕ್ಕೆ ಇಷ್ಟು ಓದುತ್ತೇನೆ ಅಂತ ಗುರಿಯನ್ನೂ ಹಾಕಿಕೊಳ್ಳಬಹುದು. ಆದರೆ ಅಜ್ಜನ ಟ್ರಂಕಿನ ಪುಸ್ತಕದಲ್ಲಿ ಬಾರ್‌ಕೋಡ್ ಎಲ್ಲಿಂದ ಬರಬೇಕು? ಐಎಸ್‌ಬಿಎನ್ ಸಂಖ್ಯೆ ಜಾಗತಿಕ ಮಾನದಂಡವಾದದ್ದೇ 1970ರಲ್ಲಿ. ಕನ್ನಡ ಪುಸ್ತಕ ಹುಡುಕಿದರೆ ಒಮ್ಮೆ ಕನ್ನಡ ಲಿಪಿಯಲ್ಲಿ, ಇನ್ನೊಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಎರಡೆರಡು ಸಲ ಸಿಗುವುದೂ ಉಂಟು. ಆ್ಯಪ್ ಇರಲಿ, ಅದರ ಜೊತೆಗೆ ನಿಮ್ಮದೇ ಒಂದು ಪಟ್ಟಿಯೂ ಇರಲಿ. ಶೆಲ್ಫಾರಿ ಅನ್ನೋ ಇಂಥದ್ದೇ ತಾಣ 2016ರಲ್ಲಿ ಬಾಗಿಲು ಹಾಕಿತು, ಅದು ನೆನಪಿರಲಿ.

ಭಾಷೆ ಬರೆಯೋದು ಯಾಕೆ?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಎಷ್ಟೋ ಮನೆಗಳಲ್ಲಿ ಎರಡು ಭಾಷೆಯ ಓದು ಒಂದೇ ಕಪಾಟಿನಲ್ಲಿದೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಸೊಸೆ ಕನ್ನಡದಲ್ಲಿ ಓದಿದ್ದರೆ, ಅತ್ತೆ ಅದನ್ನೇ ಮರಾಠಿಯಲ್ಲಿ ಓದಿರಬಹುದು. ಆ ಮರಾಠಿ ಅನುವಾದ ಉಮಾ ಕುಲಕರ್ಣಿ ಅವರದು. ಅವರು ಹುಟ್ಟಿದ್ದು ಬೆಳಗಾವಿಯಲ್ಲೇ. ಪತಿ ವಿರೂಪಾಕ್ಷ ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಟೇಪ್ ಮಾಡಿ ಕೊಡುತ್ತಿದ್ದರು, ಉಮಾ ಅದನ್ನು ಕೇಳಿಸಿಕೊಂಡು ಮರಾಠಿಯಲ್ಲಿ ಬರೆಯುತ್ತಿದ್ದರು. ಪಟ್ಟಿಯಲ್ಲಿ ಭಾಷೆ, ಅನುವಾದಕರ ಹೆಸರು ಎರಡೂ ಇದ್ದರೆ ‘ನೀವೂ ಇದನ್ನ ಓದೀರೇನು ಅತ್ತಿ?’ ಅಂತ ಮಾತು ತೆಗೆಯಬಹುದು.

ಇಷ್ಟು ಬರೆದಿಡಿ, ಸಾಕು

• ಪುಸ್ತಕ ಯಾವ ಲಿಪಿಯಲ್ಲಿದೆಯೋ ಅದೇ ಲಿಪಿಯಲ್ಲಿ ಅದರ ಹೆಸರು, ಲೇಖಕರು. ಅನುವಾದವಾದರೆ ಮೂಲ ಭಾಷೆ, ಅನುವಾದಕರು.

• ಯಾರ ಪ್ರತಿ? ಸ್ವಂತದ್ದೋ, ಗೆಳತಿಯದೋ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ್ದೋ? ಗ್ರಂಥಾಲಯದ ರಿಜಿಸ್ಟರ್ ನೀವು ಒಯ್ದದ್ದನ್ನು ಹೇಳುತ್ತದೆ, ಓದಿದ್ದನ್ನಲ್ಲ. ಈ ಕಾಲಂ ಇದ್ದರೆ ತಂದ ಪುಸ್ತಕ ವಾಪಸ್ ಕೊಡೋದೂ ನೆನಪಿರುತ್ತದೆ.

• ಅರ್ಧಕ್ಕೆ ಬಿಟ್ಟಿದ್ದರೆ ಎಷ್ಟನೇ ಪುಟ, ಯಾಕೆ ಬಿಟ್ಟಿರಿ. ಇದರಲ್ಲಿ ನಾಚಿಕೆ ಏನಿಲ್ಲ.

• ಕೊನೆಗೆ, ಮನಸ್ಸಿನಲ್ಲಿ ಉಳಿದದ್ದು ಒಂದೇ ವಾಕ್ಯದಲ್ಲಿ. ಸ್ಟಾರ್ ಕೊಟ್ಟು ಸುಮ್ಮನಾಗಬೇಡಿ. ನಾಲ್ಕು ಸ್ಟಾರ್ ಯಾಕೆ ಕೊಟ್ಟಿರಿ ಅನ್ನೋದು ಮುಂದಿನ ವರ್ಷ ನೆನಪಾಗಲ್ಲ, ವಾಕ್ಯ ಓದಿದರೆ ನೆನಪಾಗುತ್ತದೆ.

ಮೊಬೈಲ್ ನೋಟ್ಸ್ ಆದರೂ ಸರಿ, ಎಕ್ಸೆಲ್ ಆದರೂ ಸರಿ, ಹತ್ತು ರೂಪಾಯಿ ನೋಟ್‌ಬುಕ್ ಆದರೂ ಸರಿ. ಚಿಕ್ಕೋಡಿ ರೋಡ್ ಸ್ಟೇಷನ್ನಿನಲ್ಲಿ ಮಿರಜ್ ಗಾಡಿ ಕಾಯುವಾಗ ಎರಡು ನಿಮಿಷದ ಕೆಲಸ.

ಮನೆಯ ಹಿರಿಯರ ಪಟ್ಟಿ

1956ರ ನವೆಂಬರ್‌ವರೆಗೆ ಈ ಭಾಗ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಮರಾಠಿ ಕಲಿತ ಅಜ್ಜ–ಅಜ್ಜಿಯರು ಇಲ್ಲಿ ಸಿಗುತ್ತಾರೆ. ಅವರು ಓದಿದ್ದು ಯಾವ ಆ್ಯಪ್‌ನಲ್ಲೂ ಇಲ್ಲ, ಅವರ ತಲೆಯಲ್ಲಷ್ಟೇ ಇದೆ. ಅವರಿಗೇ ಮರೆತುಹೋದರೆ, ಮನೆಯಲ್ಲಿ ಬೇರೆ ಯಾರಿಗೂ ಅದು ಗೊತ್ತಿರುವುದಿಲ್ಲ.

ಈ ಭಾನುವಾರ ಊಟ ಆದಮೇಲೆ ಪಕ್ಕದಲ್ಲಿ ಕುಳಿತು ಕೇಳಿ: ‘ಅಜ್ಜಿ, ನೀ ಸಣ್ಣಾಕಿ ಇದ್ದಾಗ ಏನೇನ್ ಓದಿದ್ದಿ?’ ಪುಸ್ತಕದ ಹೆಸರು ಪೂರ್ತಿ ನೆನಪಿಗೆ ಬರದಿದ್ದರೂ ಪರವಾಗಿಲ್ಲ. ಕಥೆ ಹೇಳಲಿ, ಯಾರು ತಂದುಕೊಟ್ಟರು ಅಂತ ಹೇಳಲಿ. ನಿಮ್ಮ ಪಟ್ಟಿಯಲ್ಲೇ ಒಂದು ಪುಟ ಬಿಟ್ಟು, ಅವರ ಹೆಸರು ಹಾಕಿ, ಹೇಳಿದಷ್ಟನ್ನು ಬರೆದುಕೊಳ್ಳಿ. ಅದರಲ್ಲಿ ಒಂದಾದರೂ ಪುಸ್ತಕ ನೀವಿನ್ನೂ ಓದದ್ದು ಇರುತ್ತದೆ. ನಿಮ್ಮ ಮುಂದಿನ ಓದು ಅದೇ ಆಗಲಿ.