ಅತ್ತಿಬೆಲೆ ದಾಟಿದ್ರೆ ಹೊಸೂರು

ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಇಳಿದು ನೇರ ಹೋದ್ರೆ ಅತ್ತಿಬೆಲೆಗೆ ಕರ್ನಾಟಕ ಮುಗೀತು. ಬೋರ್ಡಿನ ಲಿಪಿ ತಕ್ಷಣ ಬದಲಾಗುತ್ತೆ. ಜನರ ಮಾತು ಅಷ್ಟು ಬೇಗ ಬದಲಾಗಲ್ಲ. ಹೊಸೂರು, ತಳಿ, ದೆಂಕಣಿಕೋಟೆ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಕಂಪನಿ ಸರ್ಕಾರದ ಪಾಲಾಗಿ ಸೇಲಂ ಜಿಲ್ಲೆಗೆ ಸೇರ್ತು. ಅತ್ತಿಬೆಲೆ ಮೈಸೂರಲ್ಲೇ ಉಳೀತು. 1956ರಲ್ಲಿ ಭಾಷೆ ನೋಡಿ ರಾಜ್ಯ ಹಂಚಿದಾಗಲೂ ಹೊಸೂರು ಗಡಿಯ ಆಚೆಗೇ ಉಳೀತು.

ಈಗ ನೀರಿನ ವಿಷಯ. ದಕ್ಷಿಣ ಪಿನಾಕಿನಿ ನದಿ ನಂದಿಬೆಟ್ಟದ ಕಡೆಯಿಂದ ವೈಟ್‌ಫೀಲ್ಡ್ ಆಚೆ ಹರಿದು, ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆಯನ್ನೂ ಕೂಡಿಸಿಕೊಂಡು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆ ಸೇರುತ್ತೆ. ಅಲ್ಲಿ ನೊರೆ ಏಳುತ್ತೆ. ಕಾವೇರಿ ಗಲಾಟೆಗೆ ಅತ್ತಿಬೆಲೆಯಲ್ಲಿ ಬಸ್ ನಿಂತ್ರೆ ದೊಡ್ಡ ಸುದ್ದಿ. ಆದ್ರೆ ಈ ನೊರೆಯಲ್ಲಿ ಬೆಂಗಳೂರಿನವರಾದ ನಮ್ಮ ಬಚ್ಚಲಿನ ಪಾಲಿದೆ. ಆ ನೀರನ್ನ ಶುದ್ಧ ಮಾಡಿ ಕಳಿಸಬೇಕಾದವರು ನಾವೇ.